ಬಿಟ್ಟಿ ಆಟ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಅಕ್ಕನ ಮಗನಿಗೆ ಸೂಪರ್‌ಟಕ್ಸ್ ಹಾಕಿಕೊಟ್ಟಿದ್ದೆ. ಒಂದು ಪೆಂಗ್ವಿನ್ ಹಿಮದ ಮೇಲೆ ಓಡುತ್ತದೆ, ಹಾರುತ್ತದೆ, ಹಳ್ಳಕ್ಕೆ ಬಿದ್ದು ಸಾಯುತ್ತದೆ, ಮತ್ತೆ ಮೊದಲಿಂದ ಓಡುತ್ತದೆ. ಹುಡುಗ ಒಂದೂವರೆ ಗಂಟೆಯಿಂದ ಅದೇ ಹಳ್ಳಕ್ಕೆ ಬೀಳುತ್ತಿದ್ದ. ಪಕ್ಕದಲ್ಲಿ ಅಪ್ಪ ಅಡಿಕೆ ಸುಲಿಯುತ್ತಾ ಕೂತಿದ್ದರು. ಸ್ವಲ್ಪ ಹೊತ್ತು ನೋಡಿ, "ಎಷ್ಟು ಕೊಟ್ಟೆ ಇದಕ್ಕೆ?" ಅಂದರು.

"ದುಡ್ಡೇ ಇಲ್ಲ ಅಪ್ಪ. ಬಿಟ್ಟಿ."

ಅಪ್ಪನ ಕೈ ನಿಂತಿತು. "ಯಾರ ಬಿಟ್ಟಿ?"

ನನಗೆ ಪ್ರಶ್ನೆ ಅರ್ಥವಾಗಲಿಲ್ಲ. "ಅಂದ್ರೆ?"

"ಬಿಟ್ಟಿ ಅಂದ್ರೆ ಆಕಾಶದಿಂದ ಬೀಳ್ತದಾ? ಯಾರೋ ಮಾಡಿರ್ಬೇಕಲ್ಲ ಮಾರಾಯ. ಯಾರ ಹತ್ರ ಬಿಟ್ಟಿ ಮಾಡಿಸ್ಕಂಡಿದ್ದು?"

ನಾನು ಏನೋ ಹಾರಿಕೆಯ ಉತ್ತರ ಕೊಟ್ಟೆ. ಅಪ್ಪ ಮತ್ತೆ ಅಡಿಕೆಗೆ ಕೈ ಹಾಕಿದರು. ಆದರೆ ಆ ಪ್ರಶ್ನೆ ನನ್ನ ಜೊತೆ ಹಾಸ್ಟೆಲಿಗೆ ಬಂತು. ನಾಚಿಕೆಯ ವಿಷಯವೆಂದರೆ ನಾನು ಪಿಎಚ್.ಡಿ. ಮಾಡುತ್ತಿರುವುದು ಶಾಸನಗಳಲ್ಲಿ ಬರುವ ತೆರಿಗೆ ಮತ್ತು ದುಡಿಮೆಯ ಪದಗಳ ಮೇಲೆ. 'ಬಿಟ್ಟಿ' ನನ್ನ ಮೂರನೇ ಅಧ್ಯಾಯದಲ್ಲಿ ಹನ್ನೊಂದು ಪುಟ ತಿಂದಿರುವ ಪದ. ಹನ್ನೊಂದು ಪುಟ ಬರೆದವನಿಗೆ ಹೊಳೆಯದೇ ಇದ್ದದ್ದು ಅಡಿಕೆ ಸುಲಿಯುತ್ತಿದ್ದ ಅಪ್ಪನಿಗೆ ಒಂದೇ ಕ್ಷಣದಲ್ಲಿ ಹೊಳೆದಿತ್ತು.

ಮೊದಲು ಲ್ಯಾಪ್‌ಟಾಪಿನ ಕತೆ ಹೇಳಬೇಕು. ಪಿಎಚ್.ಡಿ.ಗೆ ಸೇರಿದ ವರ್ಷ ಹದಿನಾಲ್ಕು ಸಾವಿರಕ್ಕೆ ಕೊಂಡ ಸೆಕೆಂಡ್ ಹ್ಯಾಂಡ್ ಯಂತ್ರ ಅದು. 4 ಜಿಬಿ ರ‍್ಯಾಮ್, ಒಂದು ಕಡೆ ಕೀಲು ಸಡಿಲವಾದ ಸ್ಕ್ರೀನ್. ಎರಡನೇ ವರ್ಷದ ಹೊತ್ತಿಗೆ ಬೆಳಿಗ್ಗೆ ಬಟನ್ ಒತ್ತಿ, ಸ್ನಾನ ಮಾಡಿ, ಮೆಸ್ಸಿನಲ್ಲಿ ತಿಂಡಿ ತಿಂದು ಬಂದರೂ ಅದಿನ್ನೂ ಏಳುವ ಯೋಚನೆಯಲ್ಲೇ ಇರುತ್ತಿತ್ತು. ಹೊಸದು ಕೊಳ್ಳೋಣವೆಂದರೆ ಫೆಲೋಶಿಪ್ ಆರು ತಿಂಗಳಿಂದ ಬಂದಿರಲಿಲ್ಲ. ಪಕ್ಕದ ಕೋಣೆಯ ಕಂಪ್ಯೂಟರ್ ಸೈನ್ಸ್ ಗೆಳೆಯ ಒಂದು ಭಾನುವಾರ ಪೆನ್‌ಡ್ರೈವ್ ತಂದು ಲಿನಕ್ಸ್ ಮಿಂಟ್ ಹಾಕಿಕೊಟ್ಟ. ಯಂತ್ರ ಎದ್ದು ಓಡಾಡತೊಡಗಿತು. "ಒಂದೇ ಬೇಜಾರು, ಇದ್ರಲ್ಲಿ ಗೇಮ್ಸ್ ಸಿಗಲ್ಲ" ಎಂದು ನಮ್ಮ ಕಾರಿಡಾರಿನ ಇನ್ನೊಬ್ಬ ಅಂದ. ಗೆಳೆಯ ನಕ್ಕು, ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಆಟಗಳ ವಿಭಾಗ ತೋರಿಸಿದ. ಪಟ್ಟಿ ಕೆಳಗೆ ಕೆಳಗೆ ಹೋಗುತ್ತಲೇ ಇತ್ತು. ಎಲ್ಲೂ ಬೆಲೆ ಬರೆದಿರಲಿಲ್ಲ. ಜಾಹೀರಾತು ಇರಲಿಲ್ಲ. ಹತ್ತು ಹಂತ ಆಡಿಸಿ ಹನ್ನೊಂದನೆಯದಕ್ಕೆ ದುಡ್ಡು ಕೇಳುವ ಉಪಾಯವೂ ಇರಲಿಲ್ಲ.

ಮೊದಲ ತಿಂಗಳು ನಾನು ಜಾತ್ರೆಗೆ ಬಂದ ಹುಡುಗನ ಹಾಗೆ ಎಲ್ಲ ಅಂಗಡಿಗೂ ನುಗ್ಗಿದೆ. ಫ್ರೋಜನ್ ಬಬಲ್‌ನಲ್ಲಿ ಪೆಂಗ್ವಿನ್ ಬಣ್ಣದ ಗುಳ್ಳೆಗಳನ್ನು ಮೇಲಕ್ಕೆ ಹೊಡೆಯುತ್ತದೆ, ಒಂದೇ ಬಣ್ಣದ ಮೂರು ಸೇರಿದರೆ ಉದುರುತ್ತವೆ. ರಾತ್ರಿ ಊಟವಾದ ಮೇಲೆ ಒಂದೇ ಕೀಬೋರ್ಡಿನಲ್ಲಿ ಇಬ್ಬರು ಕೂತು ಆಡುವುದು ನಮ್ಮ ಕಾರಿಡಾರಿನ ನಿತ್ಯದ ಪೂಜೆಯಾಯಿತು. ಸೋತವನು ಮರುದಿನ ಚಹಾ ಕೊಡಿಸಬೇಕು. ಎಕ್ಸ್‌ಟ್ರೀಮ್ ಟಕ್ಸ್ ರೇಸರ್‌ನಲ್ಲಿ ಅದೇ ಪೆಂಗ್ವಿನ್ ಹೊಟ್ಟೆಯ ಮೇಲೆ ಮಲಗಿ ಹಿಮದ ಇಳಿಜಾರಿನಲ್ಲಿ ಜಾರುತ್ತಾ ದಾರಿಯಲ್ಲಿ ಮೀನು ಹೆಕ್ಕುತ್ತದೆ. ಲಿನಕ್ಸ್ ಲೋಕದಲ್ಲಿ ಎಲ್ಲಿ ನೋಡಿದರೂ ಈ ಪೆಂಗ್ವಿನ್. 1996ರಲ್ಲಿ ಲ್ಯಾರಿ ಯೂಯಿಂಗ್ ಎಂಬಾತ ಬರೆದ ಚಿತ್ರ ಅದು, ಹೆಸರು ಟಕ್ಸ್. ನಮ್ಮ ಕಡೆ ಎಲ್ಲ ಆಟದ ಮೇಳಗಳೂ ಗಣಪತಿಯಿಂದ ಶುರುವಾಗುವ ಹಾಗೆ ಇಲ್ಲಿ ಎಲ್ಲವೂ ಪೆಂಗ್ವಿನ್ನಿನಿಂದ ಶುರು.

ಗೆಳೆಯ ಇನ್ನೊಂದು ಕತೆ ಹೇಳಿದ. ಲಿನಕ್ಸಿಗೆ ಮಾದರಿಯಾದ ಯೂನಿಕ್ಸ್ ಹುಟ್ಟುವುದರ ಹಿಂದೆಯೂ ಒಂದು ಆಟವಿದೆಯಂತೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಕೆನ್ ಥಾಂಪ್ಸನ್ 'ಸ್ಪೇಸ್ ಟ್ರಾವೆಲ್' ಎಂಬ ಆಟ ಬರೆದಿದ್ದ. ಸೌರವ್ಯೂಹದಲ್ಲಿ ನೌಕೆ ನಡೆಸಿ ಗ್ರಹಗಳ ಮೇಲೆ ಇಳಿಸುವ ಆಟ. ದೊಡ್ಡ ಕಂಪ್ಯೂಟರಿನಲ್ಲಿ ಒಂದು ಸಲ ಆಡಿದರೆ ಯಂತ್ರದ ಸಮಯದ ಲೆಕ್ಕದಲ್ಲಿ ಸುಮಾರು 75 ಡಾಲರ್ ಖರ್ಚು ಬೀಳುತ್ತಿತ್ತು. ಹಾಗಾಗಿ ಆತ ಮೂಲೆಯಲ್ಲಿ ಯಾರೂ ಹೆಚ್ಚು ಬಳಸದೆ ಬಿದ್ದಿದ್ದ ಪಿಡಿಪಿ-7 ಎಂಬ ಹಳೆಯ ಯಂತ್ರವನ್ನು ಹುಡುಕಿ, ಆಟವನ್ನು ಅದಕ್ಕೆ ತಂದ. ಆ ಯಂತ್ರದ ಮೇಲೆ ಕೆಲಸ ಮಾಡುತ್ತಾ ಮಾಡುತ್ತಾ ಯೂನಿಕ್ಸ್ ಬೆಳೆಯಿತು. ನನ್ನ ಹದಿನಾಲ್ಕು ಸಾವಿರದ ಯಂತ್ರದ ಬಗ್ಗೆ ಅವತ್ತಿನಿಂದ ನನಗೆ ಗೌರವ ಹೆಚ್ಚಾಯಿತು.

ಕೊನೆಗೆ ನಾನು ನೆಲೆ ನಿಂತದ್ದು 'ಬ್ಯಾಟಲ್ ಫಾರ್ ವೆಸ್ನಾತ್'ನಲ್ಲಿ. 2003ರಲ್ಲಿ ಡೇವಿಡ್ ವೈಟ್ ಎಂಬಾತ ಶುರುಮಾಡಿದ ಆಟ. ಜೇನುಗೂಡಿನಂಥ ಆರು ಮೂಲೆಯ ಮನೆಗಳ ನಕ್ಷೆ. ಚದುರಂಗದ ಹಾಗೆ ಸರದಿಯ ಮೇಲೆ ನಡೆಸಬೇಕು, ಆದರೆ ಏಟು ಬೀಳುವುದೋ ತಪ್ಪುವುದೋ ಅದೃಷ್ಟಕ್ಕೆ ಬಿಟ್ಟದ್ದು. ಕಾಡಿನೊಳಗೆ ನಿಂತ ಎಲ್ಫ್‌ಗೆ ಏಟು ಬೀಳುವುದು ಕಷ್ಟ, ಬಯಲಿಗೆ ಬಂದರೆ ಸುಲಭ. ಬೆಳಗಿನಿಂದ ರಾತ್ರಿಯವರೆಗೆ ದಿನವೊಂದು ಆರು ಸರದಿಗಳಲ್ಲಿ ತಿರುಗುತ್ತದೆ. ಧರ್ಮದ ಕಡೆಯವರಿಗೆ ಹಗಲಲ್ಲಿ ಬಲ ಕಾಲುಭಾಗ ಹೆಚ್ಚು, ಕೇಡಿನ ಕಡೆಯವರಿಗೆ ರಾತ್ರಿ. ಹಾಗಾಗಿ ಸಂಜೆಯಾಗುತ್ತಲೇ ನನ್ನ ಭರ್ಜಿಯವರನ್ನು ಹಳ್ಳಿಗಳಿಗೆ ಹಿಂದೆ ಸರಿಸಿ, ಬೆಳಗಾಗುವವರೆಗೆ ಹೇಗಾದರೂ ತಡೆದುಕೊಳ್ಳಿ ಎಂದು ಬೇಡಿಕೊಳ್ಳುತ್ತಿದ್ದೆ. ಮಲೆನಾಡಿನ ಮಳೆಗಾಲದ ರಾತ್ರಿ ಕಂಡವರಿಗೆ ಈ ತಂತ್ರ ಹೊಸದಲ್ಲ.

ಆಟದ ಒಂದು ನಿಯಮ ನನ್ನನ್ನು ಹಿಡಿದು ನಿಲ್ಲಿಸಿತು. ವೆಸ್ನಾತ್‌ನಲ್ಲಿ ಸೈನಿಕರನ್ನು ಸಾಕಲು ಖರ್ಚಿದೆ. ಎರಡನೇ ಹಂತಕ್ಕೆ ಏರಿದವನಿಗೆ ಸರದಿಗೆ ಎರಡು ಚಿನ್ನ, ಮೂರನೆಯದಕ್ಕೆ ಮೂರು. ನಿಮ್ಮ ಹಿಡಿತದಲ್ಲಿರುವ ಹಳ್ಳಿಗಳು ಅದರಲ್ಲಿ ಒಂದಷ್ಟನ್ನು ಹೊರುತ್ತವೆ, ಉಳಿದದ್ದು ನಿಮ್ಮ ಬೊಕ್ಕಸದಿಂದ ಹೋಗುತ್ತದೆ. ಆದರೆ ಕೆಲವು ಸೈನಿಕರಿಗೆ 'ಲಾಯಲ್' ಎಂಬ ಗುಣವಿರುತ್ತದೆ. ಅವರು ಎಷ್ಟು ಹಂತ ಏರಿದರೂ ಒಂದು ಚಿನ್ನವನ್ನೂ ಕೇಳುವುದಿಲ್ಲ. ಆಟಗಾರರಿಗೆಲ್ಲ ಇವರೆಂದರೆ ಬಲು ಪ್ರೀತಿ. ನನಗೂ ಅಷ್ಟೇ. ಅವರನ್ನೇ ಮುಂದೆ ತಳ್ಳುತ್ತಿದ್ದೆ. ಸಂಬಳ ಕೇಳದವನನ್ನು ದುಡಿಸುವುದರಲ್ಲಿರುವ ಸುಖವೇ ಬೇರೆ. ದೀಪಾವಳಿ ಮುಗಿಸಿ ಬಂದ ರಾತ್ರಿ ಅಂಥ ಒಬ್ಬ ನಿಷ್ಠಾವಂತನನ್ನು ನಾಲ್ಕು ಶತ್ರುಗಳ ನಡುವೆ ನಿಲ್ಲಿಸುವಾಗ ಅಪ್ಪನ ಮಾತು ಕಿವಿಯಲ್ಲಿ ಬಂತು. ಯಾರ ಬಿಟ್ಟಿ?

ಬಿಟ್ಟಿ ಎನ್ನುವುದು ಸಂಸ್ಕೃತದ 'ವಿಷ್ಟಿ'ಯ ತದ್ಭವ. ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಳ್ಳುವ ದುಡಿಮೆ. ಹೊಯ್ಸಳ ಬಿಟ್ಟಿದೇವನಿಗೂ ಇದಕ್ಕೂ ಸಂಬಂಧವಿಲ್ಲ, ಅಲ್ಲಿ ಬಿಟ್ಟಿ ಎಂದರೆ ವಿಷ್ಣು. ದಾನಶಾಸನಗಳಲ್ಲಿ ತೆರಿಗೆಗಳ ವಿನಾಯಿತಿ ಹೇಳುವಾಗ ಈ ಪದ ಬರುತ್ತದೆ. ಈಗ ನಾವು ಆಡುಮಾತಿನಲ್ಲಿ ಪುಕ್ಕಟೆ ಸಿಕ್ಕಿದ್ದಕ್ಕೆಲ್ಲ ಬಿಟ್ಟಿ ಅನ್ನುತ್ತೇವೆ. ಪದ ಅದೇ, ನೋಡುವ ಕಡೆ ಮಾತ್ರ ಬದಲಾಗಿದೆ. ಮಾಡುವವನ ಕಡೆಯಿಂದ ನೋಡಿದರೆ ಕೂಲಿಯಿಲ್ಲದ ದುಡಿಮೆ, ಪಡೆಯುವವನ ಕಡೆಯಿಂದ ನೋಡಿದರೆ ಖರ್ಚಿಲ್ಲದ ಲಾಭ. ನಾವೆಲ್ಲ ಯಾವ ಕಡೆಯಿಂದ ಮಾತಾಡುತ್ತಿದ್ದೇವೆ ಎಂಬುದನ್ನು ಆ ಎರಡಕ್ಷರ ಹೇಳಿಬಿಡುತ್ತದೆ.

ಅಪ್ಪ ಇನ್ನೂ ಮಾಡುವವನ ಕಡೆಯಲ್ಲೇ ನಿಂತಿದ್ದಾರೆ. ನಮ್ಮದು ಸಾಗರದ ಕಡೆಯ ಊರು. ಅಜ್ಜ ಗೇಣಿದಾರ. ಗೇಣಿ ಅಳೆದುಕೊಟ್ಟ ಮೇಲೂ ಒಡೆಯರ ಮನೆಯ ಮದುವೆಗೆ ಚಪ್ಪರ ಹಾಕುವುದು, ಸೌದೆ ಒಡೆಯುವುದು, ಕೊನೆಕೊಯ್ಲಿನಲ್ಲಿ ಅಡಿಕೆ ಹೊರುವುದು ಎಲ್ಲ ಬಿಟ್ಟಿ. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದ್ದು 1950ರಲ್ಲೇ. ಮರುವರ್ಷ, 1951ರಲ್ಲಿ, ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಅಳತೆಯ ವಿಚಾರಕ್ಕೆ ಸತ್ಯಾಗ್ರಹ ನಡೆದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆದರೂ ಉಳುವವನಿಗೆ ಭೂಮಿ ಕೊಡಿಸಿದ 1974ರ ಕಾನೂನು ಬರುವವರೆಗೆ ಅಜ್ಜನ ಬಿಟ್ಟಿ ನಿಲ್ಲಲಿಲ್ಲ. ಅಪ್ಪ ಹುಡುಗನಾಗಿದ್ದಾಗ ಅಜ್ಜನ ಜೊತೆ ಹೋಗಿ ಆ ಮನೆಯ ಅಂಗಳ ಗುಡಿಸಿದ್ದರಂತೆ. ಈಗಲೂ ಅವರು ಮದುವೆ ಮನೆಯಲ್ಲಿ ಕೊಡುವ ತೆಂಗಿನಕಾಯಿಯನ್ನು ಬಿಟ್ಟರೆ ಪುಕ್ಕಟೆಯದೇನನ್ನೂ ಮನೆಗೆ ತರುವುದಿಲ್ಲ. ಅಂಗಡಿಯವನು ಚೀಲ ಸುಮ್ಮನೆ ಕೊಟ್ಟರೂ ದುಡ್ಡು ಕೇಳು ಅನ್ನುತ್ತಾರೆ.

ಹಾಗಾದರೆ ನನ್ನ ಆಟಗಳು ಯಾರ ಬಿಟ್ಟಿ? ಲಿನಕ್ಸಿನವರು ಇದಕ್ಕೆ ಒಂದು ಹಳೆಯ ಉತ್ತರ ಇಟ್ಟುಕೊಂಡಿದ್ದಾರೆ. ಇಂಗ್ಲಿಷಿನಲ್ಲಿ ಪುಕ್ಕಟೆಗೂ ಸ್ವತಂತ್ರಕ್ಕೂ ಒಂದೇ ಪದ. ಹಾಗಾಗಿ 1983ರಲ್ಲಿ ಗ್ನೂ ಯೋಜನೆ ಘೋಷಿಸಿದ ರಿಚರ್ಡ್ ಸ್ಟಾಲ್ಮನ್ ತಾವು ಹೇಳುತ್ತಿರುವುದು ಬೆಲೆಯ ವಿಷಯವಲ್ಲ, ಸ್ವಾತಂತ್ರ್ಯದ ವಿಷಯ ಎಂದು ಜೀವಮಾನವಿಡೀ ವಿವರಿಸಬೇಕಾಯಿತು. ನಮಗೆ ಆ ಕಷ್ಟವಿಲ್ಲ. ಕನ್ನಡದಲ್ಲಿ ಪುಕ್ಕಟೆ ಇದೆ, ಉಚಿತ ಇದೆ, ಧರ್ಮಕ್ಕೆ ಇದೆ, ಮುಕ್ತ ಇದೆ, ಬಿಟ್ಟಿಯೂ ಇದೆ. ಒಂದೊಂದಕ್ಕೂ ಬೇರೆ ಮುಖ. ಸಮಸ್ಯೆ ಏನೆಂದರೆ ನಾನು ಅಪ್ಪನ ಮುಂದೆ ಇವುಗಳಲ್ಲಿ ಅತಿ ಕೆಟ್ಟದ್ದನ್ನೇ ಆರಿಸಿದ್ದೆ.

ಶಾಸನ ಓದುವವನಿಗೆ ಮೊದಲು ಹೊಳೆಯುವ ಹೋಲಿಕೆ ದತ್ತಿಯದು. ಶಾಸನಗಳಲ್ಲಿ ದಾನ ಕೊಟ್ಟದ್ದನ್ನು 'ಬಿಟ್ಟ ದತ್ತಿ' ಅನ್ನುತ್ತಾರೆ. ಧಾರೆಯೆರೆದು ಬಿಟ್ಟದ್ದು. ಬಿಟ್ಟಿಗೂ ಬಿಟ್ಟದ್ದಕ್ಕೂ ಒಂದು ಗುಡಿಸಿನ ವ್ಯತ್ಯಾಸ. ಕೊನೆಯಲ್ಲಿ ಶಾಪಾಶಯ ಬರುತ್ತದೆ. ತಾನು ಕೊಟ್ಟದ್ದನ್ನಾಗಲಿ ಬೇರೆಯವರು ಕೊಟ್ಟದ್ದನ್ನಾಗಲಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂಬರ್ಥದ್ದು. ವೆಸ್ನಾತ್, ಸೂಪರ್‌ಟಕ್ಸ್, ಲಿನಕ್ಸಿನ ಒಡಲು ಎಲ್ಲಕ್ಕೂ ಇರುವ ಜಿಪಿಎಲ್ ಪರವಾನಗಿಯೂ ನನಗೆ ಇಂಥದೇ ದಾನಶಾಸನವಾಗಿ ಕಂಡಿತು. ಬಳಸಿ, ಬಿಚ್ಚಿ ನೋಡಿ, ತಿದ್ದಿ, ಹಂಚಿ. ಆದರೆ ತಿದ್ದಿ ಹಂಚುವಾಗ ಅದರ ಮೂಲವನ್ನೂ ಇದೇ ಹಕ್ಕುಗಳೊಂದಿಗೆ ಕೊಡಬೇಕು, ಬಾಗಿಲು ಮುಚ್ಚುವಂತಿಲ್ಲ. ಹುಳುವಿನ ಜನ್ಮದ ಬದಲು ಇಲ್ಲಿ ಕೋರ್ಟಿನ ಭಯ.

ಜಾರುವ ಪೆಂಗ್ವಿನ್ನಿನ ಕತೆಯೇ ಇದಕ್ಕೆ ಸಾಕ್ಷಿ. 1999ರಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಜಾಸ್ಮಿನ್ ಪ್ಯಾಟ್ರಿ ತರಗತಿಯ ಪ್ರಾಜೆಕ್ಟಿಗೆಂದು ಟಕ್ಸ್ ರೇಸರ್ ಬರೆದ. ಮರುವರ್ಷ ಜಿಪಿಎಲ್ ಕೆಳಗೆ ಲೋಕಕ್ಕೆ ಬಿಟ್ಟ. 2002ರಲ್ಲಿ ಅದರ ಮುಂದಿನ ಆವೃತ್ತಿ ಮುಚ್ಚಿದ ಬಾಗಿಲಿನ, ಮಾರಾಟದ ಸರಕಾಗಿ ಬಂತು. ಬರೆದವರಿಗೆ ಆ ಹಕ್ಕಿತ್ತು, ಅದರಲ್ಲಿ ತಪ್ಪೇನಿಲ್ಲ. ಆದರೆ ಮೊದಲು ಬಿಟ್ಟದ್ದನ್ನು ವಾಪಸು ತೆಗೆದುಕೊಳ್ಳುವ ದಾರಿ ಇರಲಿಲ್ಲ. ಬೇರೆ ಯಾರೋ ಆ ಹಳೆಯ ಪ್ರತಿಯನ್ನು ಎತ್ತಿಕೊಂಡು ಬೇರೆ ಹೆಸರಿಟ್ಟು ಬೆಳೆಸಿದರು, ಅವರ ನಂತರ ಇನ್ಯಾರೋ. ಮಾರಾಟದ ಆವೃತ್ತಿ ಅಂಗಡಿಯಿಂದ ಹೋಗಿ ಎಷ್ಟೋ ಕಾಲವಾಯಿತು. ಬಿಟ್ಟದ್ದು ಎಕ್ಸ್‌ಟ್ರೀಮ್ ಟಕ್ಸ್ ರೇಸರ್ ಎಂಬ ಹೆಸರಲ್ಲಿ ನನ್ನ ಹಾಸ್ಟೆಲ್ ಕೋಣೆಯವರೆಗೆ ಜಾರಿಕೊಂಡು ಬಂತು.

ಆದರೆ ದತ್ತಿಯ ಹೋಲಿಕೆ ನನ್ನನ್ನು ಹೆಚ್ಚು ದಿನ ಸಮಾಧಾನದಲ್ಲಿ ಇಡಲಿಲ್ಲ. ರಾಜ ಊರನ್ನು ದತ್ತಿ ಬಿಟ್ಟಾಗ ಊರಿನವರ ದುಡಿಮೆಯ ಫಲವೂ ಅದರ ಜೊತೆ ಹೋಗುತ್ತಿತ್ತು. ಕೊಟ್ಟವನು ಉತ್ತವನಲ್ಲ. ಶಾಸನದಲ್ಲಿ ದಾನಿಯ ಹೆಸರಿದೆ, ಪಡೆದವರ ಹೆಸರಿದೆ, ಎಷ್ಟೋ ಕಡೆ ಕಲ್ಲು ಕೊರೆದವನ ಹೆಸರೂ ಇದೆ. ಗದ್ದೆಯಲ್ಲಿ ಬಗ್ಗಿ ನಿಂತವನ ಹೆಸರು ಹುಡುಕುತ್ತಾ ನಾನು ನಾಲ್ಕು ವರ್ಷ ಕಳೆದಿದ್ದೇನೆ. ವೆಸ್ನಾತ್‌ನ ಮೊದಲ ಪುಟದಲ್ಲಿ 'ಕ್ರೆಡಿಟ್ಸ್' ಎಂಬ ಗುಂಡಿಯಿದೆ. ಅದನ್ನು ಒತ್ತಿದರೆ ಹೆಸರುಗಳು ಮೇಲೇರುತ್ತಲೇ ಹೋಗುತ್ತವೆ. ಕೋಡ್ ಬರೆದವರು, ಚಿತ್ರ ಬರೆದವರು, ಸಂಗೀತ ಮಾಡಿದವರು, ಕತೆ ಹೆಣೆದವರು, ಆಮೇಲೆ ಭಾಷೆಭಾಷೆಯ ಅನುವಾದಕರು. ಒಂದು ರಾತ್ರಿ ಆಟ ಆಡದೆ ಬರೀ ಅದನ್ನೇ ನೋಡಿದೆ. ಉತ್ತವರ ಹೆಸರನ್ನೆಲ್ಲ ಬರೆದಿಟ್ಟ ಶಾಸನ ನಾನು ನೋಡಿದ್ದು ಅದೇ ಮೊದಲು. ಯಾರ ಬಿಟ್ಟಿ ಎಂದರೆ ಈಗ ತೋರಿಸಬಹುದಿತ್ತು. ಆದರೆ ಇವರನ್ನು ಯಾರು ದುಡಿಸಿದರು ಎಂದು ಅಪ್ಪ ಕೇಳಿದರೆ ಉತ್ತರ, ಯಾರೂ ಇಲ್ಲ.

ಇಷ್ಟು ಹೊತ್ತು ಬೇರೆಯವರ ಬಿಟ್ಟಿಯ ಲೆಕ್ಕ ಹಾಕಿದೆ. ನನ್ನದನ್ನೂ ಹೇಳಬೇಕು. ನಮ್ಮ ಗೈಡ್ ಕೆಟ್ಟವರಲ್ಲ. ಶಾಸನ ಓದುವುದನ್ನು ಕಲಿಸಿದವರೇ ಅವರು. ಆದರೆ ಈ ನಾಲ್ಕು ವರ್ಷದಲ್ಲಿ ಅವರ ಎರಡು ಪುಸ್ತಕಗಳ ಕರಡು ತಿದ್ದಿದ್ದೇನೆ, ಒಂದಕ್ಕೆ ಪದಸೂಚಿ ಮಾಡಿದ್ದೇನೆ, ವಿಚಾರ ಸಂಕಿರಣಕ್ಕೆ ಬಂದವರನ್ನು ರೈಲ್ವೆ ಸ್ಟೇಷನ್ನಿನಿಂದ ಕರೆತಂದಿದ್ದೇನೆ, ಮನೆಯ ಕರೆಂಟ್ ಬಿಲ್ ಕಟ್ಟಿದ್ದೇನೆ. ಎಲ್ಲೂ ನನ್ನ ಹೆಸರಿಲ್ಲ. ಇದು ಅವರು ಹುಟ್ಟುಹಾಕಿದ ಪದ್ಧತಿಯಲ್ಲ. ಅವರೂ ತಮ್ಮ ಗೈಡಿಗೆ ಮಾಡಿದ್ದರು, ಅದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ. ನಾನು ವೆಸ್ನಾತ್‌ನ ನಿಷ್ಠಾವಂತ ಸೈನಿಕ. ಹಂತ ಏರುತ್ತಾ ಹೋದರೂ ಸಾಕುವ ಖರ್ಚಿಲ್ಲ.

ಇದನ್ನು ಬರೆದು ಗೈಡ್‌ಗಳನ್ನು ಬೈದು ಮುಗಿಸಬಹುದಿತ್ತು. ಆದರೆ ನವೆಂಬರಿನಲ್ಲಿ ಇನ್ನೊಂದು ನಡೆಯಿತು. ನನ್ನ ಹಳೆಯ ಟಿಪ್ಪಣಿಗಳೆಲ್ಲ ನುಡಿ ಫಾಂಟಿನಲ್ಲಿದ್ದವು. ಲಿನಕ್ಸಿಗೆ ಬಂದಮೇಲೆ ಅವು ಚಿತ್ರವಿಚಿತ್ರ ಅಕ್ಷರಗಳಾಗಿ ಕಾಣುತ್ತಿದ್ದವು, ಯೂನಿಕೋಡಿಗೆ ಬದಲಾಯಿಸಿದರೆ ಹಳಗನ್ನಡದ ಒತ್ತಕ್ಷರಗಳು ಕೆಡುತ್ತಿದ್ದವು. ಎಂ.ಎ. ಎರಡನೇ ವರ್ಷದ ಒಬ್ಬ ಹುಡುಗಿಗೆ ನಲವತ್ತು ಪುಟ ಕೊಟ್ಟು, "ನಿಂಗೂ ಶಾಸನ ಓದೋದು ಅಭ್ಯಾಸ ಆಗುತ್ತೆ, ಟೈಪ್ ಮಾಡಿಕೊಡಮ್ಮ" ಅಂದೆ. ಅವಳು ಹೂಂ ಅಂದಳು. ಹತ್ತು ದಿನದಲ್ಲಿ ಮುಗಿಸಿ ಕಳಿಸಿದಳು. ನಾನು ಒಂದು ಚಹಾ ಕೊಡಿಸಿದೆ. ಅವತ್ತು ಅವಳು ಹೇಳಿದಳು, "ಅಣ್ಣ, ಆ ವಾರ ನಂಗೆ ಇಂಟರ್ನಲ್ಸ್ ಇತ್ತು. ಆದ್ರೂ ನೀವು ಹೇಳಿದ್ರಲ್ಲ ಅಂತ ಮಾಡ್ದೆ." ಅವಳ ದನಿಯಲ್ಲಿ ದೂರಿರಲಿಲ್ಲ. ನನ್ನ ಗೈಡಿನ ಮುಂದೆ ನನ್ನ ದನಿ ಹೇಗಿರುತ್ತದೋ ಹಾಗೇ ಇತ್ತು. ಚಹಾ ಗಂಟಲಲ್ಲಿ ಇಳಿಯಲಿಲ್ಲ. ಅಜ್ಜ ಗುಡಿಸಿದ ಅಂಗಳದ ಆಚೆ, ಜಗಲಿಯ ಮೇಲೆ ಕೂತವನ ಜಾಗದಲ್ಲಿ ನಾನಿದ್ದೆ.

ಆ ವಾರವೇ ಎರಡು ಕೆಲಸ ಮಾಡಿದೆ. ಅಧ್ಯಾಯದ ಅಡಿಟಿಪ್ಪಣಿಯಲ್ಲಿ ಅವಳ ಹೆಸರು ಹಾಕಿ, ಟೈಪಿಂಗ್ ಅಂಗಡಿಯವರು ಪುಟಕ್ಕೆ ತೆಗೆದುಕೊಳ್ಳುವಷ್ಟು ದುಡ್ಡನ್ನು ಒತ್ತಾಯದಿಂದ ಕೊಟ್ಟೆ. ಆಮೇಲೆ ಗೈಡಿನ ಬಳಿ ಹೋಗಿ, "ಸರ್, ನನ್ನ ಅಧ್ಯಾಯ ಮುಗಿಸಬೇಕು, ಹೊಸ ಪುಸ್ತಕದ ಪದಸೂಚಿ ಈ ಸಲ ನನ್ನಿಂದ ಆಗಲ್ಲ" ಅಂದೆ. ಅವರು ಕನ್ನಡಕ ತೆಗೆದು ಒರೆಸಿ, "ಆಯ್ತು ಬಿಡಿ" ಅಂದರು. ನಾಲ್ಕು ವರ್ಷದಲ್ಲಿ ಮೊದಲ ಸಲ ನನಗೆ ಬಹುವಚನ. ಕೊಟ್ಟ ಅಧ್ಯಾಯ ಅವರ ಮೇಜಿನ ಮೇಲೆ ಮೂರು ತಿಂಗಳಿಂದ ಹಾಗೇ ಇದೆ. ಇದರ ಬೆಲೆ ಎಷ್ಟೆಂದು ನನಗಿನ್ನೂ ಗೊತ್ತಾಗಿಲ್ಲ.

ಬಿಡುವಾದ ಆ ಸಂಜೆಗಳಲ್ಲಿ ಇನ್ನೊಂದು ಕೂಲಿಯಿಲ್ಲದ ಕೆಲಸ ಹಿಡಿದೆ. ನೆಲಬಾಂಬು ಹುಡುಕುವ 'ಮೈನ್ಸ್' ಎಂಬ ಸಣ್ಣ ಆಟ ಗ್ನೋಮ್ ಆಟಗಳ ಕಟ್ಟಿನಲ್ಲಿದೆ. ಯಂತ್ರದ ಭಾಷೆಯನ್ನು ಕನ್ನಡಕ್ಕೆ ಬದಲಿಸಿದಾಗ ಅದರ ಮೆನು ಕನ್ನಡದಲ್ಲಿ ತೆರೆದುಕೊಂಡಿತು. ವರ್ಷಗಳ ಹಿಂದೆ ಯಾರೋ ಕೂತು ಒಂದೊಂದೇ ಸಾಲು ಅನುವಾದಿಸಿದ್ದರು. ಅವರನ್ನು ನಾನು ನೋಡಿಲ್ಲ. ವೆಸ್ನಾತ್‌ನ ಭಾಷೆಗಳ ಪಟ್ಟಿಯಲ್ಲಿ ನನಗೆ ಕನ್ನಡ ಕಾಣಲಿಲ್ಲ. ಅದು ಸಾವಿರಾರು ಸಾಲುಗಳ ಸಮುದ್ರ, ನನ್ನ ಕೈಗೆ ಮೀರಿದ್ದು. ಹಾಗಾಗಿ ಇಬ್ಬರು ಸರದಿಯ ಮೇಲೆ ಆಡುವ ಒಂದು ಪುಟ್ಟ ಆಟವನ್ನು ಆರಿಸಿಕೊಂಡೆ, ಇನ್ನೂರ ಚಿಲ್ಲರೆ ಸಾಲುಗಳದ್ದು. ಮೇಲೆ ಇಂಗ್ಲಿಷ್ ಸಾಲು, ಕೆಳಗೆ ಖಾಲಿ ಉದ್ಧರಣ ಚಿಹ್ನೆ, ಅದರೊಳಗೆ ಕನ್ನಡ ತುಂಬಬೇಕು. ಸುಲಭವೆಂದುಕೊಂಡಿದ್ದೆ. 'ಅನ್‌ಡೂ' ಎಂಬ ಒಂದು ಪದಕ್ಕೆ ಎರಡು ಸಂಜೆ ಹೋಯಿತು. 'ರದ್ದುಮಾಡು' ಸರ್ಕಾರಿ ಆದೇಶದಂತಿತ್ತು. ಚೌಕಾಬಾರ ಆಡುವಾಗ ನಾವೇನು ಹೇಳುತ್ತಿದ್ದೆವು ಎಂದು ನೆನಪು ಮಾಡಿಕೊಂಡು 'ನಡೆ ಹಿಂದಕ್ಕೆ' ಎಂದು ಬರೆದೆ. ಮನಸ್ಸಿನಲ್ಲೇ ವೆಸ್ನಾತ್‌ಗೂ ಪದ ಹುಡುಕುತ್ತಿದ್ದೆ. ಸೈನಿಕರನ್ನು ಸಾಕುವ ಖರ್ಚಿಗೆ ಶಾಸನಗಳ 'ಉಂಬಳಿ' ಬಂದೀತೇ? ನಾಲ್ಕು ವರ್ಷ ಕಲ್ಲಿನಲ್ಲಿ ಓದಿದ ಪದಗಳು ಮೊದಲ ಬಾರಿಗೆ ನನ್ನ ಬಾಯಿಗೆ ಬರುತ್ತಿದ್ದವು.

ಯುಗಾದಿಗೆ ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಎಲ್ಲೆಲ್ಲಿಯದೋ ದೇಶದ ಜನ, ಒಬ್ಬರಿಗೊಬ್ಬರು ಮುಖ ಕಂಡವರಲ್ಲ, ಕೆಲಸ ಮುಗಿದ ಮೇಲೆ ಕೂತು ಮಾಡುತ್ತಾರೆ, ಯಾರೂ ದುಡಿಸುವುದಿಲ್ಲ, ಬೇಡವೆಂದರೆ ಎದ್ದು ಹೋಗಬಹುದು. ಕೆಲವರು ದಣಿದು ಹೋಗಿಯೂ ಬಿಡುತ್ತಾರೆ, ಆಗ ಆಟ ಹಾಗೇ ನಿಲ್ಲುತ್ತದೆ, ಇನ್ಯಾರಾದರೂ ಬಂದು ಎತ್ತಿಕೊಂಡರೆ ಉಂಟು. ಅಪ್ಪ ಕೇಳಿಸಿಕೊಂಡು, "ಅದು ಬಿಟ್ಟಿ ಅಲ್ಲ ಮಾರಾಯ, ಮುಯ್ಯಾಳು" ಅಂದರು.

ಮುಯ್ಯಾಳು ಎಂದರೆ ಇವತ್ತು ನಮ್ಮ ಗದ್ದೆಯ ನಾಟಿಗೆ ನಾಲ್ಕು ಮನೆಯವರು ಬರುವುದು, ನಾಳೆ ನಾವು ಅವರ ನಾಟಿಗೆ ಹೋಗುವುದು. ಕೂಲಿಯಿಲ್ಲ, ಮಧ್ಯಾಹ್ನ ಊಟವಿದೆ. ನಾನು ವಾದ ಮಾಡಿದೆ. "ಮುಯ್ಯಿಗೆ ಲೆಕ್ಕ ಇರ್ತದಲ್ಲ ಅಪ್ಪ. ನಾವು ಎರಡಾಳು ಕಳಿಸಿದ್ರೆ ಅವರೂ ಎರಡಾಳು ಕಳಿಸ್ಬೇಕು. ಇಲ್ಲಿ ನಾನು ಎಷ್ಟೋ ವರ್ಷದಿಂದ ಆಡ್ತಾ ಇದೀನಿ, ಏನೂ ತಿರುಗಿ ಕೊಟ್ಟಿರ್ಲಿಲ್ಲ."

"ಎಲ್ಲಾ ಮನೆದೂ ಲೆಕ್ಕ ಸರಿ ಹೋಗ್ತಿತ್ತಾ? ಗಂಡ ಸತ್ತ ಮನೆಗೆ ನಾಟಿಗೆ ಹೋದ್ರೆ ಅವರು ತಿರುಗಿ ಕಳ್ಸಕೆ ಎಲ್ಲಿಂದ ಆಳು ತರ್ತಾರೆ? ಆದ್ರೂ ಹೋಗ್ತಿದ್ವಿ. ಅವಳು ಮತ್ತೊಬ್ಬರ ಮನೆ ಬಾಣಂತನಕ್ಕೆ ಹೋಗ್ತಿದ್ಲು. ಎಲ್ಲೋ ಒಂದ್ಕಡೆ ತಿರುಗ್ತಿತ್ತು. ಅದನ್ನ ಯಾರೂ ಬಿಟ್ಟಿ ಅಂತಿರ್ಲಿಲ್ಲ." ಸ್ವಲ್ಪ ಸುಮ್ಮನಿದ್ದು ಸೇರಿಸಿದರು, "ಒಡೇರ ಮನೆಗೆ ಹೋಗಿದ್ದು ಬಿಟ್ಟಿ. ಅಲ್ಲಿಗೆ ಹೋಗ್ದೇ ಇರಕಾಗ್ತಿರ್ಲಿಲ್ಲ, ಅದ್ಕೆ."

ನನ್ನ ಹನ್ನೊಂದು ಪುಟಗಳಲ್ಲಿ ಈ ವಾಕ್ಯ ಇಲ್ಲ. ಕೂಲಿ ಇದೆಯೋ ಇಲ್ಲವೋ ಎಂದು ನಾನು ನೋಡುತ್ತಿದ್ದೆ. ಹೋಗದೇ ಇರಲು ಆಗುತ್ತಿತ್ತೋ ಇಲ್ಲವೋ ಎಂದು ಅಪ್ಪ ನೋಡಿದ್ದರು. ಆ ಹುಡುಗಿ ನನಗೆ ಇಲ್ಲವೆನ್ನಬಹುದಿತ್ತೇ? ನಾನು ಗೈಡಿಗೆ ಇಲ್ಲವೆಂದದ್ದಕ್ಕೆ ಈಗ ಏನು ಕೊಡುತ್ತಿದ್ದೇನೆ? ಅಧ್ಯಾಯ ವಾಪಸು ಬಂದರೆ ತಿದ್ದಬೇಕಾದದ್ದು ಇದೊಂದೇ, ಆದರೆ ಇದೊಂದು ತಿದ್ದಿದರೆ ಬಹಳಷ್ಟು ತಿದ್ದಬೇಕಾಗುತ್ತದೆ.

ಅಷ್ಟರಲ್ಲಿ ಅಕ್ಕನ ಮಗ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದ. ನಾನು ಅನುವಾದಿಸಿದ ಆಟವನ್ನು ಪರೀಕ್ಷೆಗೆಂದು ಅದರಲ್ಲಿ ಹಾಕಿಟ್ಟಿದ್ದೆ. "ಮಾಮ, ಇಲ್ಲಿ ತಪ್ಪಿದೆ. 'ನಿನ್ನ ಸರದಿ' ಅಂತಿರ್ಬೇಕು, 'ನಿನ್ನ ಸದರಿ' ಅಂತಿದೆ." ನೋಡಿದೆ. ನಾಲ್ಕು ಸಲ ಕರಡು ತಿದ್ದಿದ ಸಾಲು. ಬೇರೆಯವರ ಪುಸ್ತಕಗಳ ಕರಡು ತಿದ್ದಿ ನುರಿತ ಕಣ್ಣಿಗೆ ಕಾಣದ್ದು ನಾಲ್ಕನೇ ಕ್ಲಾಸಿನ ಹುಡುಗನಿಗೆ ಕಂಡಿತ್ತು. ಅಲ್ಲೇ ಸರಿ ಮಾಡಿ, ಅನುವಾದಕರ ಸಾಲಿನಲ್ಲಿ ನನ್ನ ಹೆಸರಿನ ಪಕ್ಕ ಅವನ ಹೆಸರನ್ನೂ ಬರೆದೆ. ಅವನು ಅದನ್ನು ಅಜ್ಜನಿಗೆ ತೋರಿಸಲು ಓಡಿದ.

ಅಪ್ಪ ಕಣ್ಣು ಕಿರಿದು ಮಾಡಿ ಸ್ಕ್ರೀನ್ ನೋಡಿದರು. "ಹಂಗಾರೆ ನಮ್ಮನೆಯಿಂದ ಎರಡಾಳು ಹೋದ ಹಂಗಾಯ್ತು" ಅಂದರು. ಆಮೇಲೆ ಹುಡುಗನನ್ನು ಪಕ್ಕಕ್ಕೆ ಸರಿಸಿ, "ಆ ಹಕ್ಕಿ ಓಡೋದು ಹಾಕು, ನೋಡಣ" ಅಂದರು.